‘ಸೇವ್’ ಒತ್ತಿದ ಲೆಕ್ಕ ಉಳಿದಿದೆಯೇ?

ಮಂಡ್ಯದ ಬೆಲ್ಲದ ಮಂಡಿಯಿರಲಿ, ಮದ್ದೂರಿನ ಎಳನೀರು ವಹಿವಾಟಿರಲಿ, ಮಳವಳ್ಳಿಯ ರೇಷ್ಮೆ ಘಟಕವಿರಲಿ, ಲೆಕ್ಕಪತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ಇಡುವ ಸದಸ್ಯರು ಒಂದು ಸಂಗತಿಯನ್ನು ಅರಿಯಬೇಕು. ‘ಸೇವ್’ ಒತ್ತಿದ ಮಾಹಿತಿ ಕೂಡಲೇ ಡಿಸ್ಕ್ ಸೇರುವುದಿಲ್ಲ. ವೇಗದ ಸಲುವಾಗಿ ಅದು ಮೊದಲು ತಾತ್ಕಾಲಿಕ ಸ್ಮೃತಿಯಲ್ಲಿ ನಿಂತು, ತುಸು ತಡೆದು ಡಿಸ್ಕ್‌ಗೆ ಇಳಿಯುತ್ತದೆ. ಗುಮಾಸ್ತರು ಚೀಟಿಗಳನ್ನು ಕೂಡಿಟ್ಟು ಒಮ್ಮೆಗೇ ಖಾತೆಗೆ ಏರಿಸುವಂತೆಯೇ ಇದು. ಇದಕ್ಕೆ ‘ರೈಟ್ ಕ್ಯಾಷಿಂಗ್’ ಎಂದು ಹೆಸರು. ಈ ನಡುವೆ ವಿದ್ಯುತ್ ಕಡಿದರೆ ಆ ನಮೂದುಗಳು ಅಳಿಯುತ್ತವೆ. ಕೆಲವೊಮ್ಮೆ ಇಡೀ ಕಡತವೇ ಕೆಡುತ್ತದೆ.

ಲ್ಯಾಪ್‌ಟಾಪಿಗೆ ಬ್ಯಾಟರಿಯೇ ರಕ್ಷೆ. ಬ್ಯಾಟರಿ ಸತ್ವಗುಂದಿದ್ದರೆ ಆ ರಕ್ಷೆಯಿಲ್ಲ. ಗುಂಡಿಯನ್ನು ಒತ್ತಿಹಿಡಿದು ಯಂತ್ರವನ್ನು ಆರಿಸಿದರೂ ಅಪಾಯ ಅಷ್ಟೇ.

ವಿಂಡೋಸ್‌ನ ‘ಡಿವೈಸ್ ಮ್ಯಾನೇಜರ್’ನಲ್ಲಿ ಡಿಸ್ಕ್‌ನ ‘ಪ್ರಾಪರ್ಟೀಸ್’ ತೆರೆದು ‘ಪಾಲಿಸೀಸ್’ ಪುಟವನ್ನು ನೋಡಿರಿ. ಬ್ಯಾಟರಿ ದುರ್ಬಲವಾಗಿದ್ದರೆ ಅಲ್ಲಿ ರೈಟ್ ಕ್ಯಾಷಿಂಗ್‌ನ ಗುರುತನ್ನು ತೆಗೆಯುವುದು ಲೇಸು. ಕೆಲಸ ಕೊಂಚ ನಿಧಾನವಾದೀತು, ಅಷ್ಟೇ. ಅದರ ಕೆಳಗಿರುವ ‘ಬಫರ್ ಫ್ಲಷಿಂಗ್’ ನಿಲ್ಲಿಸುವ ಆಯ್ಕೆಗೆ ಮಾತ್ರ ಎಂದಿಗೂ ಗುರುತು ಹಾಕಬಾರದು.

ಹೊರ ಡಿಸ್ಕ್‌ಗಳಿಗೆ 2018ರ ವಿಂಡೋಸ್ 10ರ 1809ನೇ ಆವೃತ್ತಿಯಿಂದ ‘ಕ್ವಿಕ್ ರಿಮೂವಲ್’ ಪೂರ್ವನಿಯೋಜಿತವಾಗಿದೆ. ಆದರೂ ‘ಇಜೆಕ್ಟ್’ ಮಾಡಿಯೇ ಕಳಚುವುದು ಕ್ಷೇಮ.

ಕೊನೆಯ ಮಾತು: ಅಂಗಡಿಯ ಬಾಗಿಲು ಹಾಕುವ ಮುನ್ನ ಲೆಕ್ಕದ ಪ್ರತಿಯೊಂದನ್ನು ಬೇರೊಂದು ಡಿಸ್ಕ್‌ನಲ್ಲಿ ಇರಿಸಿಕೊಳ್ಳಿರಿ.