ಪಂಚ ಅಣುವ್ರತ ಮತ್ತು ಸ್ಕೌಟ್ ನಿಯಮ: ನಮ್ಮ ಮಕ್ಕಳ ಶಿಕ್ಷಣಕ್ಕೊಂದು ವಿಚಾರ



ನಮ್ಮ ಪಾಠಶಾಲೆಯ ಬಾಲಕನೊಬ್ಬನನ್ನು ಪಂಚ ಅಣುವ್ರತಗಳಾವುವು ಎಂದು ಕೇಳಿದರೆ ಆತನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. ಆದರೆ ಕೆಲವು ವರ್ಷಗಳ ಹಿಂದೆ ಉತ್ಸವದ ದಿನ ಬಿಸಿಲಿನ ತಾಪಕ್ಕೆ ವೃದ್ಧ ಮಾತೆಯೊಬ್ಬರು ಮಂದಿರದ ಮೆಟ್ಟಿಲಿನ ಮೇಲೆ ಕುಸಿದಾಗ ಅದೇ ಬಾಲಕರು ಸುತ್ತಲೂ ನಿಂತು ನೋಡುತ್ತಿದ್ದರು. ನಾನೂ ಅವರ ನಡುವೆ ನಿಂತವನೇ. ಕರುಣೆ ಎಲ್ಲರಲ್ಲಿಯೂ ಇತ್ತು. ಮಾಡಬೇಕಾದುದೇನೆಂಬುದು ಯಾರಿಗೂ ತಿಳಿದಿರಲಿಲ್ಲ. ಆ ತಾಯಿಯವರು ಚೇತರಿಸಿಕೊಂಡರು. ಆದರೆ ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದುಹೋಯಿತು. ದರ್ಶನ ಮತ್ತು ಜ್ಞಾನವನ್ನು ಪಾಠಶಾಲೆ ಕಲಿಸುತ್ತದೆ. ಚಾರಿತ್ರ್ಯದ ಅಭ್ಯಾಸ ಎಲ್ಲಿ ಆಗಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಸ್ಕೌಟ್ ಶಿಕ್ಷಣವು ನನ್ನ ಗಮನಕ್ಕೆ ಬಂದಿತು.

ಸ್ಕೌಟ್ ಚಳವಳಿಯ ಪರಿಚಯ

1907ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಅವರು ಸುಮಾರು 20 ಬಾಲಕರನ್ನು ಸೇರಿಸಿ ಶಿಬಿರ ನಡೆಸಿದರು. ಎರಡೇ ವರ್ಷಗಳಲ್ಲಿ, 1909ರಲ್ಲಿ, ಅದು ಬೆಂಗಳೂರಿಗೆ ಬಂದಿತು. ಆರಂಭದಲ್ಲಿ ಭಾರತೀಯ ಬಾಲಕರಿಗೆ ಅದರಲ್ಲಿ ಪ್ರವೇಶವಿರಲಿಲ್ಲ. ಅವರಿಗಾಗಿ ಆನಿ ಬೆಸೆಂಟ್ ಮೊದಲಾದವರು ಪ್ರತ್ಯೇಕ ಸಂಘಗಳನ್ನು ಕಟ್ಟಬೇಕಾಯಿತು. ಸ್ವಾತಂತ್ರ್ಯಾನಂತರ ಈ ಸಂಘಗಳೆಲ್ಲ ಒಂದಾಗಿ 1950ರ ನವೆಂಬರ್ 7ರಂದು ‘ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್’ ಸಂಸ್ಥೆ ರೂಪುಗೊಂಡಿತು. ಜಾತಿ, ಮತ, ಪಂಥಗಳ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಅದು ತೆರೆದಿದೆ.

ಪ್ರತಿಜ್ಞೆಯಲ್ಲಿ ‘ಧರ್ಮ’ ಎಂಬ ಪದ

ಸ್ಕೌಟ್ ಪ್ರತಿಜ್ಞೆಯಲ್ಲಿ ದೇವರಿಗೂ ದೇಶಕ್ಕೂ ಕರ್ತವ್ಯ ಸಲ್ಲಿಸುವ ಮಾತಿದೆ. ಜಗತ್ಕರ್ತನಾದ ಈಶ್ವರನನ್ನು ಒಪ್ಪದ ನಾವು ನಮ್ಮ ಮಕ್ಕಳಿಂದ ಈ ಮಾತನ್ನು ಹೇಳಿಸಬಹುದೇ ಎಂದು ಹಿರಿಯರು ಕೇಳುವುದುಂಟು. ಭಾರತದ ಪ್ರತಿಜ್ಞೆಯಲ್ಲಿ ಇದಕ್ಕೆ ಪರಿಹಾರವಿದೆ. ಇಚ್ಛೆಯುಳ್ಳವರು ‘ದೇವರು’ ಎಂಬುದರ ಬದಲಿಗೆ ‘ಧರ್ಮ’ ಎಂದು ಹೇಳಲು ಅನುಮತಿಯಿದೆ. ನಮ್ಮ ಬಾಲಕನು ಸಿದ್ಧಾಂತವನ್ನು ಬಿಡದೆ, ಸುಳ್ಳನ್ನೂ ಆಡದೆ ಪ್ರತಿಜ್ಞೆ ಕೈಗೊಳ್ಳಬಹುದು.

ನಿಯಮಗಳೊಡನೆ ವ್ರತಗಳ ಹೋಲಿಕೆ

ಸ್ಕೌಟ್ ನಿಯಮದ ಒಂಬತ್ತು ಅಂಶಗಳಲ್ಲಿ ಐದನ್ನು ಇಲ್ಲಿ ಪರಿಶೀಲಿಸೋಣ. ಸ್ಕೌಟ್ ಪ್ರಾಣಿಗಳ ಮಿತ್ರನು, ಪ್ರಕೃತಿಯನ್ನು ಪ್ರೀತಿಸುವವನು: ಇದು ಅಹಿಂಸೆಯ ಕಡೆಗೆ. ನಂಬಿಕೆಗೆ ಅರ್ಹನು: ಇದು ಸತ್ಯ. ಸಾರ್ವಜನಿಕ ಸ್ವತ್ತನ್ನು ರಕ್ಷಿಸುವವನು: ಇದು ಅಚೌರ್ಯ. ಮನ, ವಚನ, ಕೃತಿಗಳಲ್ಲಿ ಶುದ್ಧನು: ಇದು ಬ್ರಹ್ಮಚರ್ಯ. ಮಿತವ್ಯಯಿ: ಇದು ಪರಿಗ್ರಹ ಪರಿಮಾಣ.

ಆದರೆ ಎರಡೂ ಒಂದೇ ಎಂದು ಮಕ್ಕಳಿಗೆ ಹೇಳಬಾರದು. ಪ್ರಾಣಿಮಿತ್ರತ್ವವು ಕಣ್ಣಿಗೆ ಕಾಣುವ ಪಶುಪಕ್ಷಿಗಳನ್ನು ಕುರಿತದ್ದು. ನಮ್ಮ ಅಹಿಂಸೆಯು ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿಗಳೆಂಬ ಏಕೇಂದ್ರಿಯ ಜೀವಗಳ ತನಕ ಹೋಗುತ್ತದೆ. ಸ್ಕೌಟ್ ಶಿಕ್ಷಣದ ಗುರಿ ಉತ್ತಮ ನಾಗರಿಕತ್ವ. ಧರ್ಮದ ಗುರಿ ಆತ್ಮಶುದ್ಧಿ. ಮೊದಲನೆಯದು ಎರಡನೆಯದಕ್ಕೆ ಸಾಧನವಾಗಬಲ್ಲದು, ಅದರ ಸ್ಥಾನವನ್ನು ತುಂಬಲಾರದು.

ಕಲಿಸುವ ಕ್ರಮದಲ್ಲಿಯೂ ಸಾಮ್ಯವಿದೆ. ಪ್ರವೇಶದ ನಂತರ ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳೆಂದು ಬಾಲಕನು ಮೆಟ್ಟಿಲು ಏರುತ್ತಾನೆ. ಶ್ರಾವಕನಿಗೆ ಹನ್ನೊಂದು ಪ್ರತಿಮೆಗಳನ್ನು ಹೇಳಿರುವುದೂ ಹೀಗೆಯೇ, ಶಕ್ತಿಯನ್ನರಿತು ಒಂದೊಂದಾಗಿ ಏರಲೆಂದು. ಸ್ಕೌಟ್ ಆದವನು ದಿನಕ್ಕೊಂದು ಸತ್ಕಾರ್ಯ ಮಾಡಬೇಕು. ನಾವು ವ್ಯಾಪಾರಿಗಳು ಸಂಜೆ ಕಿರ್ದಿ ಬರೆಯದೆ ಅಂಗಡಿ ಮುಚ್ಚುವುದಿಲ್ಲ. ಮಗುವು ರಾತ್ರಿ ಪ್ರತಿಕ್ರಮಣದ ವೇಳೆ ಇಂದಿನ ದೋಷವೇನು, ಇಂದಿನ ಸತ್ಕಾರ್ಯವೇನು ಎಂದು ಲೆಕ್ಕ ನೋಡಿಕೊಂಡರೆ ಎರಡು ಶಿಕ್ಷಣವೂ ಒಂದೇ ಪುಟದಲ್ಲಿ ಸೇರುತ್ತವೆ.

ಶಿಬಿರದಲ್ಲಿ ಆಚಾರದ ಪ್ರಶ್ನೆ

ತಂದೆತಾಯಿಗಳ ನಿಜವಾದ ಭಯ ಇಲ್ಲಿದೆ. ಶಿಬಿರದಲ್ಲಿ ರಾತ್ರಿ ಭೋಜನ, ಆಲೂಗಡ್ಡೆ, ಈರುಳ್ಳಿ, ಸೋಸದ ನೀರು. ಜೊತೆಗೆ ಹುಳುಹುಪ್ಪಟೆಗಳು ಬಂದು ಬೀಳುವ ಶಿಬಿರಾಗ್ನಿ. ಈ ಭಯ ಅನುಚಿತವೆಂದು ನಾನು ಹೇಳಲಾರೆ. ಆದರೆ ಮಗುವನ್ನು ಮನೆಯಲ್ಲಿಯೇ ಇರಿಸಿಕೊಂಡರೆ ವ್ರತ ಉಳಿದೀತೇ? ಹದಿನೆಂಟು ವರ್ಷಕ್ಕೆ ಆತನು ಹೈದರಾಬಾದಿನ ವಸತಿಗೃಹಕ್ಕೆ ಹೋಗುವವನೇ. ಅಲ್ಲಿ ಏಕಾಕಿಯಾಗಿ ಪರೀಕ್ಷೆ ಎದುರಿಸುವುದಕ್ಕಿಂತ ಹನ್ನೆರಡರಲ್ಲಿ, ಹಿರಿಯರ ಕಣ್ಣೆದುರಿಗೆ, ಹತ್ತು ಮಂದಿಯ ನಡುವೆ ‘ನನಗೆ ಇದು ಬೇಡ’ ಎಂದು ವಿನಯದಿಂದ ಹೇಳಲು ಕಲಿಯುವುದು ಮೇಲು.

ನಮ್ಮದೇ ದಳದ ಶಿಬಿರವಾದರೆ ಸೂರ್ಯಾಸ್ತಕ್ಕೆ ಮುನ್ನ ಊಟ, ಸೋಸಿದ ನೀರು, ಬೆಂಕಿಯ ಬದಲು ಹಗಲಿನಲ್ಲಿಯೇ ಹಾಡು ಮತ್ತು ಕಿರುನಾಟಕ ಇರಲಿ. ಅನ್ಯರ ಶಿಬಿರವಾದರೆ ದಳನಾಯಕರಿಗೆ ಮೊದಲೇ ತಿಳಿಸೋಣ. ಆದರೆ ಪಕ್ಕದಲ್ಲಿ ಉಣ್ಣುವವನನ್ನು ನಮ್ಮ ಮಗು ತುಚ್ಛವಾಗಿ ಕಾಣಬಾರದು. ಹಾಗೆ ಕಂಡರೆ ಆಹಾರದಲ್ಲಿ ವ್ರತ ಉಳಿದರೂ ಮಾನಕಷಾಯ ಬೆಳೆದಂತಾಗುತ್ತದೆ.

ಭಾಷೆ ಹಲವು, ದಳ ಒಂದು

1956ರ ಪುನರ್ವಿಂಗಡಣೆಗೆ ಮುಂಚೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಆದಕಾರಣ ನಮ್ಮ ಒಂದು ಮನೆಯಲ್ಲಿ ಕನ್ನಡ, ಇನ್ನೊಂದರಲ್ಲಿ ಮರಾಠಿ, ಮತ್ತೊಂದರಲ್ಲಿ ಮಾರವಾಡಿ. ಶಾಲೆಯಲ್ಲಿ ತೆಲುಗು ಮತ್ತು ಇಂಗ್ಲಿಷ್. ಉತ್ಸವದಲ್ಲಿಯೂ ಮಕ್ಕಳು ತಮ್ಮ ತಮ್ಮ ಭಾಷೆಯವರೊಡನೆಯೇ ಕುಳಿತುಕೊಳ್ಳುತ್ತಾರೆ. ಸ್ಕೌಟ್ ಪದ್ಧತಿಯಲ್ಲಿ ಆರರಿಂದ ಎಂಟು ಮಕ್ಕಳ ಗುಂಪಿಗೆ ಒಬ್ಬ ಬಾಲನಾಯಕನಿರುತ್ತಾನೆ. ಒಂದೊಂದು ಗುಂಪಿನಲ್ಲಿ ಎಲ್ಲ ಭಾಷೆಯ ಮಕ್ಕಳನ್ನೂ ಸೇರಿಸಿದರೆ, ಡೇರೆಯ ಹಗ್ಗ ಕಟ್ಟುವಾಗ ಭಾಷೆ ಅಡ್ಡ ಬರುವುದಿಲ್ಲ. ಪ್ರಾರಂಭಕ್ಕೆ ಣಮೋಕಾರ ಮಂತ್ರವಂತೂ ಎಲ್ಲರಿಗೂ ಪ್ರಾಕೃತದಲ್ಲಿಯೇ ಇದೆ.

ಮೊದಲ ಪ್ರವಾಸಕ್ಕೆ ಮಳಖೇಡವನ್ನು ಸೂಚಿಸುತ್ತೇನೆ. ತಾಂಡೂರಿನಿಂದ ವಾಡಿಯ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಸೇಡಂ ದಾಟಿದರೆ ಮಳಖೇಡ ರೋಡ್ ನಿಲ್ದಾಣ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿಯೇ ಅಲ್ಲಿನ ಕೋಟೆಯ ಮಗ್ಗುಲಲ್ಲಿಯೂ ಹರಿಯುತ್ತದೆ. ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ, ಪೊನ್ನನು ಕನ್ನಡದಲ್ಲಿ, ಪುಷ್ಪದಂತನು ಅಪಭ್ರಂಶದಲ್ಲಿ ಬರೆದರು. ಆ ರಾಜ್ಯದ ಆಶ್ರಯದಲ್ಲಿ ಮೂರು ಭಾಷೆಗಳು ಒಂದೇ ಧರ್ಮವನ್ನು ಸಾರಿದವು. ಮಕ್ಕಳು ನಕಾಶೆ ಹಿಡಿದು ನಡೆಯುವುದನ್ನೂ ನೇಮಿನಾಥ ಬಸದಿಯ ದರ್ಶನವನ್ನೂ ಒಂದೇ ದಿನದಲ್ಲಿ ಪಡೆಯಬಹುದು.

ಇದು ಆಗದ ಮಾತಲ್ಲ. ಜೈನಕಾಶಿ ಎನಿಸಿದ ಮೂಡಬಿದಿರೆಯಲ್ಲಿ 2022ರ ಡಿಸೆಂಬರ್ 21ರಿಂದ 27ರವರೆಗೆ ಆಳ್ವಾಸ್ ಆವರಣದಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದು, ಸಹಸ್ರಾರು ಸ್ಕೌಟ್ಸ್, ಗೈಡ್ಸ್ ಅಲ್ಲಿ ಕೂಡಿದ್ದರು. 1899ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಜೈನ ಸಭೆಯ ವೀರ ಸೇವಾ ದಳದಲ್ಲಿ ಮರಾಠಿ ಮತ್ತು ಕನ್ನಡ ಯುವಕರು ಪಾಠಶಾಲೆ ಹಾಗೂ ಉತ್ಸವ ಸೇವೆ ಎರಡನ್ನೂ ನಡೆಸುತ್ತಿದ್ದಾರೆ.

ಟ್ರಸ್ಟಿನ ಮುಂದೆ ನನ್ನ ನಮ್ರ ವಿನಂತಿ

ಮೊದಲನೆಯದಾಗಿ, ಮೂರು ಊರುಗಳಿಂದ ಒಬ್ಬ ಯುವಕ ಮತ್ತು ಒಬ್ಬ ಯುವತಿಯನ್ನು ಸ್ಕೌಟ್ ಹಾಗೂ ಗೈಡ್ ನಾಯಕತ್ವದ ಮೂಲ ತರಬೇತಿಗೆ ಕಳುಹಿಸಬೇಕು. ಎರಡನೆಯದಾಗಿ, ಜಿಲ್ಲಾ ಸಂಸ್ಥೆಯಲ್ಲಿ ನಿಯಮಾನುಸಾರ ದಳವನ್ನು ನೋಂದಾಯಿಸಬೇಕು. ಮೂರನೆಯದಾಗಿ, ನೆರೆಹೊರೆಯ ಅನ್ಯಮತದ ಮಗು ಬಂದರೆ ಬಾಗಿಲು ಮುಚ್ಚಬಾರದು. ಜೀವಗಳು ಪರಸ್ಪರ ಉಪಕಾರಿಗಳೆಂದು ತತ್ತ್ವಾರ್ಥಸೂತ್ರದಲ್ಲಿ ಓದುವ ನಾವು ಹಾಗೆ ಮಾಡಲಾಗದು.

ಮನೆಯಲ್ಲಿ ಚರ್ಚಿಸಲು: ಈ ವಾರ ನಮ್ಮ ಮಗು ಯಾವ ಅಣುವ್ರತವನ್ನು ಕೈಯಿಂದ ಆಚರಿಸಿತು? ಯಾರಾದರೂ ಕುಸಿದು ಬಿದ್ದರೆ ಮೊದಲು ಮಾಡಬೇಕಾದುದೇನೆಂದು ಅದಕ್ಕೆ ತಿಳಿದಿದೆಯೇ? ನಮಗೆ ತಿಳಿದಿದೆಯೇ?

ಮುಂದಿನ ಉತ್ಸವದಲ್ಲಿ ಮಂದಿರದ ಮೆಟ್ಟಿಲಿನ ಬಳಿ ಕೊರಳವಸ್ತ್ರ ತೊಟ್ಟ ನಮ್ಮ ಮಕ್ಕಳು ನೀರಿನ ಪಾತ್ರೆ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಡನೆ ನಿಂತಿರಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ. ಬರವಣಿಗೆಯಲ್ಲಿ ತಪ್ಪಿದ್ದರೆ ಕ್ಷಮೆ ಇರಲಿ.

ಜೈ ಜಿನೇಂದ್ರ.