ಚಲಚ್ಚಿತ್ರದಲ್ಲಿ ಕಂಡ ಶವವಾಹನ

ಹಳೆಯ ಫ್ರೆಂಚ್ ಚಲಚ್ಚಿತ್ರವೊಂದರಲ್ಲಿ ಕೆಲವು ಕ್ಷಣ ಮಾತ್ರ ಸುಳಿದು ಮರೆಯಾಗುವ ಕರಿಯ ಶವವಾಹನ ಯಾವುದೆಂದು ಗುರುತಿಸುವುದು ಹೇಗೆ? ಪ್ರಶ್ನೆ ವಿನೋದದ್ದೆಂದು ತೋರಿದರೂ, ಉತ್ತರಕ್ಕೆ ಅಳತೆ, ತರ್ಕಗಳೆರಡೂ ಬೇಕು.

ಇಂಥ ವಾಹನಗಳನ್ನು ಬಾಡಿ ಕಟ್ಟುವ ಕಾರ್ಯಾಗಾರಗಳು ಸಾಮಾನ್ಯ ಕಾರುಗಳಿಂದಲೇ ರಚಿಸುತ್ತಿದ್ದುವು. ಶವಪೆಟ್ಟಿಗೆಗೆ ಸ್ಥಳವಾಗುವಂತೆ ಹಿಂಭಾಗವನ್ನು ಹೊಸದಾಗಿ ಕಟ್ಟುತ್ತಿದ್ದುದರಿಂದ ಅದರ ಆಕಾರವನ್ನು ನಂಬಲಾಗದು. ಬದಲಾಗದೆ ಉಳಿದ ಅಂಶಗಳನ್ನೇ ನಾವು ಅರಸಬೇಕು.

1955ರಿಂದ 1975ರವರೆಗೆ ತಯಾರಾದ ಸಿಟ್ರೊಯೆನ್ ಡಿ.ಎಸ್. ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಮುಂದಿನ ಹಾಗೂ ಹಿಂದಿನ ಅಚ್ಚುಗಳ ನಡುವಣ ದೂರ 3.125 ಮೀಟರ್, ಚಕ್ರದ ವ್ಯಾಸದ ಸುಮಾರು ನಾಲ್ಕೂವರೆ ಪಟ್ಟು. ತೆರೆಯ ಮೇಲಿನ ಚಿತ್ರ ಎಷ್ಟೇ ಚಿಕ್ಕದಾಗಿರಲಿ, ಈ ನಿಷ್ಪತ್ತಿ ಬದಲಾಗದು. ಕಾರು ಓರೆಯಾಗಿ ನಿಂತಿದ್ದರೆ ಚಕ್ರ ದೀರ್ಘವೃತ್ತವಾಗಿ ಕಾಣುತ್ತದೆ. ಆಗ ಚಕ್ರದ ಅಡ್ಡಳತೆಯನ್ನೇ ಬಳಸಬೇಕು. ದೂರದಿಂದ ತೆಗೆದ ಚಿತ್ರದಲ್ಲಿ ಅದೂ ಅಚ್ಚುಗಳ ಅಂತರವೂ ಒಂದೇ ಪ್ರಮಾಣದಲ್ಲಿ ಕುಗ್ಗಿರುತ್ತವೆ.

ಎರಡನೆಯ ಕುರುಹು ಹಿಂದಿನಿಂದ ನೋಡಿದಾಗ ದೊರೆಯುತ್ತದೆ. ಈ ಕಾರಿನ ಹಿಂಚಕ್ರಗಳ ನಡುವಣ ಅಂತರ ಮುಂಚಕ್ರಗಳದಕ್ಕಿಂತ ಸುಮಾರು 20 ಸೆಂಟಿಮೀಟರ್ ಕಡಿಮೆ.

ಮೂರನೆಯದು ಚಲನೆಯಲ್ಲಿದೆ. ಇದರ ತೂಗುವ್ಯವಸ್ಥೆಯಲ್ಲಿ ಉಕ್ಕಿನ ಸ್ಪ್ರಿಂಗಿನ ಬದಲು, ಗೋಳಗಳಲ್ಲಿ ಅಡಗಿದ ಸಾರಜನಕ ಅನಿಲವೇ ಸ್ಪ್ರಿಂಗಾಗುತ್ತದೆ. ಎಂಜಿನ್ನಿನಿಂದ ನಡೆಯುವ ಪಂಪು ದ್ರವವನ್ನು ಒತ್ತಿ ಕಾರಿನ ಮೈಯನ್ನು ಮೇಲೆತ್ತುತ್ತದೆ. ಹೊರೆ ಹೆಚ್ಚಿದರೂ ಎತ್ತರವನ್ನು ಕಾಯ್ದುಕೊಳ್ಳುತ್ತದೆ. ಬಹಳ ಹೊತ್ತು ನಿಂತಿದ್ದ ವಾಹನ ಎಂಜಿನ್ ಚಾಲೂ ಆದೊಡನೆ ಮೆಲ್ಲನೆ ಮೇಲೇಳುವುದನ್ನು ಕಂಡರೆ ನಮ್ಮ ಊಹೆಗೆ ಬಲ ಬರುತ್ತದೆ.

ಇನ್ನು ಕಾಲನಿರ್ಣಯ. 1967ರಲ್ಲಿ ಈ ಕಾರಿನ ಮುಖವನ್ನು ಬದಲಾಯಿಸಿ, ಪ್ರತಿ ಬದಿಗೂ ಎರಡೆರಡು ದೀಪಗಳನ್ನು ಗಾಜಿನ ಹಿಂದೆ ಇರಿಸಿದರು. ಅಂಥ ಮುಖ ಕಂಡರೆ ಆ ದೃಶ್ಯ 1967ಕ್ಕಿಂತ ಮೊದಲಿನದಲ್ಲ ಎನ್ನಬಹುದು. ಆದರೆ ಕಾರನ್ನು ಅದೇ ವರ್ಷ ತಯಾರಿಸಿದರೆಂದು ಇದರಿಂದ ಸಿದ್ಧವಾಗದು. ಹಳೆಯ ಕಾರಿಗೆ ಹೊಸ ಮುಖವನ್ನು ಜೋಡಿಸಿರಲೂಬಹುದು. ಹಾಗೆಯೇ ಕಾರ್ಯಾಗಾರದವರು ಅಚ್ಚುಗಳ ಅಂತರವನ್ನು ಹಿಗ್ಗಿಸಿದ್ದರೆ ನಮ್ಮ ಮೊದಲನೆಯ ಕುರುಹು ಸುಳ್ಳಾಗುತ್ತದೆ.

ಆದುದರಿಂದ ಒಂದೇ ಗುರುತನ್ನು ನೆಚ್ಚಿ ತೀರ್ಮಾನಕ್ಕೆ ಬರಬಾರದು. ಒಂದನ್ನೊಂದು ಅವಲಂಬಿಸದ ಹಲವು ಸಾಕ್ಷ್ಯಗಳು ಒಂದೇ ಉತ್ತರದತ್ತ ಬೆರಳು ತೋರಿಸಿದಾಗಲೇ ಆ ಉತ್ತರ ನಂಬಿಕೆಗೆ ಅರ್ಹ. ದೂರದ ನಕ್ಷತ್ರವನ್ನು ಪರೀಕ್ಷಿಸುವಾಗಲೂ ವಿಜ್ಞಾನ ಹಿಡಿಯುವ ದಾರಿ ಇದೇ.