ಪೆಟ್ಟು ತಿಂದ ಕಾರ್ಬನ್ ದೋಟಿ: ಪರೀಕ್ಷಿಸುವ ಕ್ರಮ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಅಡಿಕೆ ತೋಟಗಳಲ್ಲಿ ಮರ ಏರುವವರು ವಿರಳವಾದಂತೆ, ನೆಲದಲ್ಲಿ ನಿಂತೇ ಗೊನೆ ಕೊಯ್ಯಲು ಮತ್ತು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಕಾರ್ಬನ್ ಫೈಬರ್ ದೋಟಿ ಬಳಕೆಗೆ ಬಂದಿದೆ. ಮಿಲಿಮೀಟರಿನ ಸಾವಿರದಲ್ಲಿ 5ರಿಂದ 7 ಭಾಗದಷ್ಟು ದಪ್ಪದ ಇಂಗಾಲದ ಎಳೆಗಳನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ಪದರ ಪದರವಾಗಿ ಕೂಡಿಸಿ ಮಾಡಿದ ಈ ಕೋಲಿನಲ್ಲಿ ಎಳೆಗಳು ತಮ್ಮ ಉದ್ದಕ್ಕೆ ಬೀಳುವ ಎಳೆತವನ್ನು ಚೆನ್ನಾಗಿ ತಾಳುತ್ತವೆಯಾದರೂ, ಪದರಗಳನ್ನು ಪರಸ್ಪರ ಹಿಡಿದಿಡುವುದು ಅಂಟು ಮಾತ್ರ; ದೌರ್ಬಲ್ಯವಿರುವುದು ಅಲ್ಲಿಯೇ.

ನಿಧಾನವಾಗಿ ಬಾಗಿಸಿದಾಗ ಭಾರ ಕೋಲಿನ ಉದ್ದಕ್ಕೂ ಹಂಚಿಹೋಗುತ್ತದೆ. ಆದರೆ ಎತ್ತಿ ಹಿಡಿದ ದೋಟಿ ಕೈಜಾರಿ ಮುರಕಲ್ಲಿನ ಕಟ್ಟೆಯ ಅಂಚಿಗೆ ಬಡಿದಾಗ, ಇಲ್ಲವೇ ಕಡಿದ ಗೊನೆ ಕೋಲಿನ ಮೇಲೆಯೇ ಬಿದ್ದಾಗ, ಇಡೀ ಕೋಲು ಬಾಗಲು ಸಮಯ ಸಿಗದೆ ಪೆಟ್ಟಿನ ಶಕ್ತಿಯ ಬಹುಪಾಲನ್ನು ತಾಗಿದ ಜಾಗವೇ ತಡೆದುಕೊಳ್ಳಬೇಕಾಗುತ್ತದೆ. ಆಗ ಅಂಟು ಬಿರುಕುಬಿಟ್ಟು, ಪದರಗಳು ಒಂದರಿಂದೊಂದು ಬೇರ್ಪಟ್ಟು, ಒಳಮೈಯ ಎಳೆಗಳು ತುಂಡಾದರೂ ಹೊರಮೈ ಮೊದಲಿನಂತೆಯೇ ಕಾಣಬಹುದು. ಅಲ್ಯೂಮಿನಿಯಂ ಕೊಳವೆಯಾದರೆ ತಗ್ಗು ಬಿದ್ದು ಸೂಚನೆ ಕೊಡುತ್ತದೆ. ಕಾರ್ಬನ್ ಕೋಲಿನಲ್ಲಿ ಬಹಳ ಸಲ ಅದೂ ಇರುವುದಿಲ್ಲ. ಮುಂದೊಮ್ಮೆ ಕೋಲು ಬಾಗಿದಾಗ, ಅದುಮಿಕೊಳ್ಳುವ ಮಗ್ಗುಲಿನಲ್ಲಿ ಬಿಟ್ಟ ಪದರಗಳು ಮಡಚಿಕೊಂಡು, ಕೋಲು ತಟ್ಟನೆ ಮುರಿಯುತ್ತದೆ.

ಆದ್ದರಿಂದ ಪೆಟ್ಟು ತಿಂದ ದೋಟಿಯನ್ನು ಕೂಡಲೇ ಕೆಲಸದಿಂದ ಇಳಿಸಿ, ತುಂಡುಗಳನ್ನು ಬಿಚ್ಚಿ, ಬೋರ್ಡೋದ ನೀಲಿ ಕಲೆ ತೊಳೆದು ಒಣಗಿಸಬೇಕು. ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿದರೆ ಬಿಳಿಚಿದ ಗೆರೆ, ಸಣ್ಣ ತಗ್ಗು ಇದ್ದರೆ ಕಾಣುತ್ತವೆ. ಹತ್ತಿ ಬಟ್ಟೆಯಿಂದ ಒರೆಸುವಾಗ ನೂಲು ಸಿಕ್ಕಿಕೊಂಡರೆ ಅಲ್ಲಿ ಎಳೆ ತುಂಡಾಗಿರುವ ಸಂಭವ ಹೆಚ್ಚು. ಆ ಸಿಬಿರು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟವಾದ್ದರಿಂದ ಕೈಗವಸು ಬೇಕೇ ಬೇಕು.

ಮುಖ್ಯ ಪರೀಕ್ಷೆ ಕಿವಿಯದು. ವಿಮಾನದ ಕಾರ್ಬನ್ ಭಾಗಗಳನ್ನು ಶ್ರವಣಾತೀತ ತರಂಗಗಳಿಂದ ಪರೀಕ್ಷಿಸುವ ತಂತ್ರಜ್ಞರು ನಾಣ್ಯದಿಂದ ತಟ್ಟಿ ನೋಡುವ ಸರಳ ಕ್ರಮವನ್ನೂ ಬಳಸುತ್ತಾರೆ. ತೋಟಕ್ಕೆ ಒದಗುವುದು ಅದೇ. ಒಂದೊಂದು ತುಂಡನ್ನೂ ಹಗ್ಗದ ಎರಡು ಕುಣಿಕೆಗಳಲ್ಲಿ ತೂಗುಹಾಕಿ, ಹೆಬ್ಬೆರಳಗಲಕ್ಕೊಮ್ಮೆ ನಾಣ್ಯದ ಅಂಚಿನಿಂದ ಮೆಲ್ಲಗೆ ತಟ್ಟುತ್ತಾ ಸುತ್ತಲೂ ಸಾಗಬೇಕು. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗದ ದನಿ ಮಂಕಾಗಿರುತ್ತದೆ. ತುಂಡುಗಳನ್ನು ಜೋಡಿಸುವ ಕ್ಲಾಂಪಿನ ಬಳಿ ದನಿ ಸಹಜವಾಗಿಯೇ ಬೇರೆಯಾಗುವುದರಿಂದ ಅಲ್ಲಿ ಎದುರು ಮಗ್ಗುಲಿನ ದನಿಯೊಡನೆ ಹೋಲಿಸಬೇಕು. ಸಣ್ಣ ಹಾನಿ ಈ ಪರೀಕ್ಷೆಗೆ ಸಿಗದೆ ಹೋಗಬಹುದಾದ್ದರಿಂದ, ಪೆಟ್ಟು ಜೋರಾಗಿದ್ದರೆ ದನಿ ಸರಿಯಿದ್ದರೂ ತಯಾರಕರಿಗೆ ತೋರಿಸುವುದೇ ಕ್ಷೇಮ.

ದೋಷ ಕಂಡ ತುಂಡಿಗೆ ಟೇಪು ಸುತ್ತಿದರೆ ಒಳಗಿನ ಪದರಗಳು ಕೂಡಿಕೊಳ್ಳುವುದಿಲ್ಲ, ಇದ್ದ ಗುರುತೂ ಮುಚ್ಚಿಹೋಗುತ್ತದೆ. ಆ ತುಂಡಿನ ಎರಡೂ ತುದಿಗೆ ಕೆಂಪು ಬಣ್ಣ ಬಳಿದು, ಕೆಲಸದವರು ತಿಳಿಯದೆ ಎತ್ತಿಕೊಳ್ಳದಂತೆ ಬೇರೆಯಾಗಿಟ್ಟು, ಅದರ ಬದಲು ಹೊಸ ತುಂಡು ತರಿಸಬೇಕು. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುವ ವಸ್ತುವಾದ್ದರಿಂದ, ಪರೀಕ್ಷೆಯಲ್ಲಿ ಸರಿಯೆಂದು ಕಂಡ ದೋಟಿಯನ್ನೂ ತಂತಿ ಹಾದುಹೋದ ತೋಟದಲ್ಲಿ ಮರದಿಂದ ಮರಕ್ಕೆ ಎತ್ತಿ ಹಿಡಿದೇ ಸಾಗಿಸದೆ, ಪ್ರತಿ ಸಲವೂ ಇಳಿಸಿ, ತಂತಿಯಿಂದ ದೂರ ಸರಿದ ಮೇಲೆಯೇ ಎತ್ತಬೇಕು.